ಬಂಗುಡೆಯ ಐಸಿನಲ್ಲಿ ನಿಂತ ಬಾದಾಮಿ

ಮಂಗಳೂರಿನಲ್ಲಿ ಕುದುರೆ ಡಾಕ್ಟರ್ ಎಂದರೆ ಜನ ಮೊದಲು ನಗುತ್ತಾರೆ. ‘ಇಲ್ಲಿ ಕುದುರೆ ಎಲ್ಲಿ ಉಂಟು ಮಾರಾಯ, ಬೋಟಿಗೆ ಡಾಕ್ಟರ್ ಬೇಕಾದ್ರೆ ಹೇಳು’ ಎನ್ನುತ್ತಾರೆ. ಆದರೆ ಕುದುರೆಗಳಿವೆ, ಸ್ವಾಮಿ! ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಲೆಯ ಪಕ್ಕ ನಡೆಯುವವು ಇವೆ, ಮದುವೆಗೆ ಮದುಮಗನನ್ನು ಹೊತ್ತು ಬರುವವು ಇವೆ, ಪ್ರೀತಿಗೆಂದೇ ಸಾಕಿದವು ಅಲ್ಲೊಂದು ಇಲ್ಲೊಂದು ಇವೆ. ಅವುಗಳಲ್ಲಿ ಯಾವುದು ಕಾಲು ಎಳೆದರೂ ಫೋನು ಹೋಗುವುದು ಒಬ್ಬರಿಗೇ. ಅವರೇ ಕಂಕನಾಡಿಯ ಮೈಮೂನಾ ಡಾಕ್ಟ್ರು.

ಬೆಳಿಗ್ಗೆ ಅವರ ಕ್ಲಿನಿಕ್ಕಿಗೆ ಹೋದರೆ ಬೆಕ್ಕು, ನಾಯಿ, ಒಮ್ಮೊಮ್ಮೆ ಬುಟ್ಟಿಯಲ್ಲಿ ಕೋಳಿ. ಮಧ್ಯಾಹ್ನದ ಮೇಲೆ ಸ್ಕೂಟರಿನ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಹೊರಟರೆಂದರೆ ಅದು ಕುದುರೆಗೇ. ಆ ಪೆಟ್ಟಿಗೆಯಲ್ಲಿ ಮೊಳದುದ್ದದ ಒಂದು ಇಕ್ಕಳ ಇದೆ. ಗೊರಸಿನ ಯಾವ ಜಾಗದಲ್ಲಿ ನೋವಿದೆ ಎಂದು ಒತ್ತಿ ನೋಡುವ ಇಕ್ಕಳ. ಗಲ್ಫಿನಿಂದ ಬರುವ ಗಂಡಂದಿರು ಸೆಂಟು ತರುತ್ತಾರೆ, ಚಾಕೊಲೇಟು ತರುತ್ತಾರೆ. ಶಾರ್ಜಾದಲ್ಲಿರುವ ರಿಯಾಝ್ ಹೆಂಡತಿಗೆ ತಂದದ್ದು ಇದನ್ನು. ಬಜ್ಪೆ ಏರ್‌ಪೋರ್ಟಿನಲ್ಲಿ ಬ್ಯಾಗು ತೆರೆಸಿದವರು ‘ಇದೆಂತ?’ ಎಂದು ಕೇಳಿದಾಗ ರಿಯಾಝ್ ‘ಹೆಂಡತಿಗೆ ಗಿಫ್ಟು’ ಎಂದರಂತೆ. ಅವರು ಇಕ್ಕಳವನ್ನೂ ರಿಯಾಝ್‌ನನ್ನೂ ಒಮ್ಮೆ ನೋಡಿ, ಪಾಪ ಎಂದು ಬಿಟ್ಟುಬಿಟ್ಟರಂತೆ.

ಮೈಮೂನಾ ಅವರ ತಂದೆ ಕಮರುದ್ದೀನ್ ಅವರದು ಬಂದರಿನಲ್ಲಿ ದಿನಸಿ ವ್ಯಾಪಾರ. ಅಣ್ಣ ಶಿಹಾಬ್ ಧಕ್ಕೆಯಲ್ಲಿ ಮೀನಿನ ಬೋಟುಗಳಿಗೆ ಐಸು ಹಾಕುವವರು. ಮಗಳು ಡಾಕ್ಟರ್ ಓದುತ್ತಾಳೆ ಎಂದಾಗ ಮನೆಯವರೆಲ್ಲ ಕಂಕನಾಡಿಯ ದೊಡ್ಡ ಆಸ್ಪತ್ರೆಯೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು. ಮಗಳು ಹೋದದ್ದು ಪಶುವೈದ್ಯಕೀಯಕ್ಕೆ. ಅಲ್ಲಿಂದ ಮುಂದೆ ರೇಸಿನ ಕುದುರೆಗಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಅಲ್ಲಿ ಕಲಿತದ್ದು ಕುದುರೆಯ ನಡಿಗೆ ಓದುವುದನ್ನು. ಕುದುರೆ ಎಲ್ಲಿ ನೋವು ಎಂದು ಹೇಳುವುದಿಲ್ಲವಲ್ಲ. ನೋಯುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲು ತಾಗುವಾಗ ಇಳಿಸುತ್ತದೆ. ಆ ತಲೆಯ ಏರಿಳಿತ ನೋಡಿಯೇ ಯಾವ ಕಾಲು ಎಂದು ಹೇಳಬೇಕು. ಮೈಮೂನಾ ಡಾಕ್ಟ್ರು ಕುದುರೆ ಗೇಟು ದಾಟಿ ಒಳಗೆ ಬರುವಷ್ಟರಲ್ಲಿ ಹೇಳುತ್ತಾರೆ. ಊರಿಗೆ ಮರಳಿ ಬಂದ ಮೇಲೂ ಆ ಕಣ್ಣು ಹಾಗೇ ಇದೆ. ಮದುವೆ ಮನೆಗಳಲ್ಲಿ ನೆಂಟರ ಮೊಣಕಾಲು ನೋವು ಕೂಡ ಅವರಿಗೆ ದೂರದಿಂದಲೇ ಗೊತ್ತಾಗಿಬಿಡುತ್ತದೆ ಎಂದು ಶಿಹಾಬ್ ತಮಾಷೆ ಮಾಡುವುದುಂಟು.

ಇಂಥ ಡಾಕ್ಟ್ರನ್ನೂ ಒಂದು ಕುದುರೆ ಸುಸ್ತು ಮಾಡಿತ್ತು. ಅದೇ ಬಾದಾಮಿ.

ಬಾದಾಮಿ ಕೂಳೂರಿನ ಸುಂದರಣ್ಣನ ಹೆಣ್ಣು ಕುದುರೆ. ಹೆಸರಿಗೆ ತಕ್ಕ ಬಣ್ಣ, ಹಣೆಯ ಮೇಲೆ ಬೆರಳಿನಲ್ಲಿ ಎಳೆದಂತೆ ಒಂದು ಬಿಳಿ ಗೆರೆ. ಸುಂದರಣ್ಣನದು ಹಿಂದೆ ಹೊಳೆಬದಿಯಲ್ಲಿ ಗದ್ದೆಯಿದ್ದ ಮನೆ. ಈಗ ಗದ್ದೆ ಇಲ್ಲ, ಹೈವೇ ಬದಿಯಲ್ಲಿ ಹೋಟೆಲಿದೆ. ಸವಾರಿ ಕಲಿಸುತ್ತಿದ್ದ ಒಂದು ಕ್ಲಬ್ಬು ಮುಚ್ಚಿದಾಗ, ಯಾರಿಗೂ ಬೇಡವಾದ ಬಾದಾಮಿಯನ್ನು ಅವರು ಮನೆಗೆ ಕರೆತಂದರು. ವರ್ಷಕ್ಕೆ ಕೆಲವು ಮದುವೆಗೆ ಕಳಿಸುತ್ತಿದ್ದರು. ಉಳಿದ ದಿನಗಳಲ್ಲಿ ಸಂಜೆಯಾದರೆ ಹಗ್ಗ ಹಿಡಿದು ಓಣಿಯುದ್ದಕ್ಕೂ ಹೊಳೆಯವರೆಗೆ ನಡೆಸಿಕೊಂಡು ಹೋಗಿ ಬರುವುದು. ಓಣಿಯವರಿಗೆಲ್ಲ ಬಾದಾಮಿ ಎಂದರೆ ಮನೆಮಗಳ ಲೆಕ್ಕ.

ಹೋದ ಮೇ ತಿಂಗಳಲ್ಲಿ ಸುಂದರಣ್ಣ ಫೋನು ಮಾಡಿದರು. ‘ಡಾಕ್ಟ್ರೇ, ಬಾದಾಮಿ ಮೂರು ನಾಲ್ಕು ದಿನದಿಂದ ನಡೀಲಿಕ್ಕೆ ಕೇಳುವುದಿಲ್ಲ. ಮುಖೇಶ್ ನೋಡಿ ಭುಜ ಹಿಡಿದದ್ದು ಅಂತ ಹೇಳಿದ. ಎಣ್ಣೆ ತಿಕ್ಕಿ ತಿಕ್ಕಿ ನನ್ನ ಭುಜ ಹಿಡೀತು, ಅವಳದ್ದು ಬಿಡ್ಲಿಲ್ಲ.’ ಮುಖೇಶ್ ಎಂದರೆ ಮದುವೆಗಳಿಗೆ ಕುದುರೆ ಒದಗಿಸುವವನು. ಕೆಟ್ಟವನಲ್ಲ, ಆದರೆ ಕುದುರೆಗೆ ಏನಾದರೂ ಅವನಿಗೆ ಮೊದಲು ಕಾಣುವುದು ಭುಜವೇ.

ಮೈಮೂನಾ ಹೋಗಿ ನೋಡಿದಾಗ ಬಾದಾಮಿ ಎರಡೂ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ತಣ್ಣೀರುಬಾವಿ ಬೀಚಿನ ಮರಳಿನಲ್ಲಿ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ನಿಂತವರು ಹಿಮ್ಮಡಿ ಊರಿ ನಿಲ್ಲುತ್ತಾರಲ್ಲ, ಹಾಗೆ. ನಡೆಸಿದರೆ ತಲೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಎರಡು ಕಾಲೂ ಸಮಸಮವಾಗಿ ನೋಯುವಾಗ ತಲೆ ಯಾವ ಕಡೆಯದ್ದನ್ನು ತೋರಿಸಬೇಕು? ಸಣ್ಣ ಸಣ್ಣ ಹೆಜ್ಜೆ, ಗಾಜಿನ ಮೇಲೆ ಇಟ್ಟಂತೆ. ಗೊರಸು ಮುಟ್ಟಿದರೆ ಬಿಸಿ. ಗೊರಸಿನ ಮೇಲುಗಡೆ ಬೆರಳಿಟ್ಟರೆ ನಾಡಿ ಡಬಡಬ. ಇಕ್ಕಳದಿಂದ ಗೊರಸಿನ ತುದಿ ಒತ್ತಿದ ಕೂಡಲೇ ಬಾದಾಮಿ ಕಾಲು ಕಿತ್ತುಕೊಂಡಿತು.

‘ಭುಜ ಅಲ್ಲ ಸುಂದರಣ್ಣ,’ ಮೈಮೂನಾ ತಮ್ಮ ಹೆಬ್ಬೆರಳು ತೋರಿಸಿದರು. ‘ನಮ್ಮ ಉಗುರು ಮಾಂಸವನ್ನು ಹೇಗೆ ಹಿಡ್ಕೊಂಡುಂಟು ನೋಡಿ. ಕುದುರೆಯ ಗೊರಸು ಸಹ ಒಳಗಿನ ಎಲುಬನ್ನು ಹಾಗೇ ಹಿಡ್ಕೊಂಡಿರ್ತದೆ. ಆ ಹಿಡಿತಕ್ಕೆ ಉರಿ ಬಂದುಂಟು. ಹಿಡಿತ ಬಿಟ್ರೆ ಇವಳ ಇಡೀ ಭಾರ ಎಲುಬಿನ ಮೇಲೆ ಬಿದ್ದು, ಅದು ಗೊರಸಿನ ಒಳಗೇ ಕೆಳಗೆ ಕುಸೀತದೆ.’

‘ಕುಸಿದ್ರೆ?’

‘ಕುಸಿಯದ ಹಾಗೆ ನೋಡುವ.’

ಈ ರೋಗ ಹೆಚ್ಚಾಗಿ ಹೊಟ್ಟೆಯಿಂದ ಕಾಲಿಗಿಳಿಯುವಂಥದ್ದು. ಧಾನ್ಯ, ಸಿಹಿ ಜಾಸ್ತಿಯಾದರೆ ಬರುತ್ತದೆ. ಅದಕ್ಕೇ ಡಾಕ್ಟ್ರು ಮೇವಿನ ವಿಷಯ ಕೆದಕಿ ಕೆದಕಿ ಕೇಳಿದರು. ಸುಂದರಣ್ಣ ದೇವರ ಮೇಲೆ ಆಣೆ ಹಾಕಿದರು. ಒಣಹುಲ್ಲು, ಒಂದಿಷ್ಟು ನೆನೆಸಿದ ಹುರುಳಿ, ನೀರು. ಹುರುಳಿಯನ್ನೂ ನಿಲ್ಲಿಸಿ, ನೋವಿಗೆ ಮದ್ದು ಕೊಟ್ಟು, ಕೊಟ್ಟಿಗೆಯ ಸಿಮೆಂಟಿನ ಮೇಲೆ ಮರಳು ಹಾಸಿಸಿ ಮೈಮೂನಾ ಹೊರಟರು. ಹೊರಡುವಾಗ ಸುಂದರಣ್ಣನ ಹೆಂಡತಿ ಗುಣವತಿ ಅಕ್ಕ ಊರಿನ ಪದ್ಧತಿಯಂತೆ ಕೊಟ್ಟ ಬೆಲ್ಲ ಕಚ್ಚಿ, ನೀರು ಕುಡಿದೇ ಹೊರಟರು.

ಬಾದಾಮಿಗೆ ಸ್ವಲ್ಪ ಗುಣವಾಯಿತು. ಆಮೇಲೆ ಮತ್ತೆ ಜೋರಾಯಿತು. ಮತ್ತೆ ಮದ್ದು, ಮತ್ತೆ ಗುಣ, ಮತ್ತೆ ಜೋರು. ಮೈಮೂನಾ ಎಕ್ಸ್‌ರೇ ಯಂತ್ರ ತಂದು ಗೊರಸಿನ ಚಿತ್ರ ತೆಗೆದರು. ಎಲುಬು ತುಸು ವಾಲಿತ್ತು. ಇನ್ನೂ ವಾಲಿದರೆ ತುದಿ ಅಂಗಾಲನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆಮೇಲೆ ಯಾವ ಡಾಕ್ಟರಿಗೂ ಮಾಡುವುದಕ್ಕೆ ಒಂದೇ ಕೆಲಸ ಇರುವುದು.

ಮುಖೇಶ್ ಬಂದು ನೋಡಿ ತಲೆ ಅಲ್ಲಾಡಿಸಿದ. ‘ಸುಂದರಣ್ಣ, ಬೇಜಾರು ಮಾಡ್ಬೇಡಿ. ಇದು ಇನ್ನು ಏಳುವ ಕುದುರೆ ಅಲ್ಲ. ನೋವು ತಿನ್ನಿಸಿ ಎಂತಕ್ಕೆ ಇಟ್ಕೊಳ್ಳುವುದು? ಡಾಕ್ಟ್ರಿಗೆ ಹೇಳಿ ಒಂದು ಇಂಜೆಕ್ಷನ್ ಕೊಡಿಸಿ, ಮುಗಿಸಿ.’

ಸುಂದರಣ್ಣ ಮರುದಿನ ಅದನ್ನೇ ಕೇಳಿದರು. ಭಾರೀ ಎತ್ತರದ, ಹೋಟೆಲಿನಲ್ಲಿ ಒಂದು ಕೂಗು ಹಾಕಿದರೆ ಅಡುಗೆಮನೆಯವರೆಗೆ ಕೇಳಿಸುವ ಮನುಷ್ಯ, ಅವತ್ತು ಗಂಟಲಲ್ಲೇ ಮಾತಾಡಿದರು. ‘ಕೊಡುವುದಾದ್ರೆ ನೀವೇ ಕೊಡ್ಬೇಕು ಡಾಕ್ಟ್ರೇ. ಬೇರೆಯವರ ಕೈಯಿಂದ ಬೇಡ.’

‘ಒಂದು ವಾರ ಕೊಡಿ,’ ಎಂದರು ಮೈಮೂನಾ. ‘ನನಗೆ ಗೊತ್ತಿಲ್ಲದ ಎಂತದೋ ಒಂದು ಇವಳ ಹೊಟ್ಟೆಗೆ ಹೋಗ್ತಾ ಉಂಟು. ಅದನ್ನು ಹಿಡೀತೇನೆ. ಆಮೇಲೂ ಆಗದಿದ್ರೆ ನಾನೇ ಕೊಡ್ತೇನೆ.’

ಹೇಳಿದ್ದೇನೋ ಹೇಳಿದರು. ಹಿಡಿಯುವುದು ಹೇಗೆ? ಮೈಮೂನಾ ಡಾಕ್ಟ್ರು ಮಾಡಿದ್ದು ಇಷ್ಟೇ: ಮರುದಿನ ಕ್ಲಿನಿಕ್ಕಿಗೆ ರಜೆ ಹಾಕಿ, ಸುಂದರಣ್ಣನ ಕೊಟ್ಟಿಗೆಯ ಎದುರು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಬಾದಾಮಿಯ ಬಾಯಿಗೆ ಏನು ಹೋಗುತ್ತದೋ ಕಣ್ಣಾರೆ ನೋಡಬೇಕು.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಮೊದಲು ಬಂದವರು ಎದುರು ಮನೆಯ ಖತೀಜಮ್ಮ. ಡಾಕ್ಟ್ರನ್ನು ಕಂಡು ನಕ್ಕು, ನೇರ ಕೊಟ್ಟಿಗೆಗೆ ಹೋಗಿ ಬಾದಾಮಿಯ ಕೆನ್ನೆ ಸವರಿದರು. ‘ಹೇಗಿದ್ದಿ ಮಗಾ? ಒಣಗಿ ಹೋದೆಯಲ್ಲಾ.’ ಅಷ್ಟು ಹೇಳಿ ಸೆರಗಿನ ಗಂಟು ಬಿಚ್ಚಿದರು.

ಮೈಮೂನಾ ಕುರ್ಚಿಯಿಂದ ಎದ್ದರು. ‘ಎಂತ ಅದು ಖತೀಜಮ್ಮ?’

‘ಎಂತ ಇಲ್ಲ. ಎರಡು ಖರ್ಜೂರ. ಮಗ ದಮಾಮಿನಿಂದ ತಂದದ್ದು.’

‘ಎರಡಾ?’

‘ಒಂದು ಮುಷ್ಟಿ,’ ಖತೀಜಮ್ಮ ಒಪ್ಪಿಕೊಂಡರು. ‘ಹುಷಾರಿಲ್ಲದವರನ್ನು ನೋಡ್ಲಿಕ್ಕೆ ಬರುವಾಗ ಕೈ ಬೀಸಿಕೊಂಡು ಬರ್ಲಿಕ್ಕೆ ಆಗ್ತದಾ ಡಾಕ್ಟ್ರೇ? ನಿಮ್ಮ ಉಮ್ಮ ನಿಮಗೆ ಇದೆಲ್ಲ ಹೇಳಿಕೊಟ್ಟಿಲ್ವಾ?’

ಅಷ್ಟರಲ್ಲಿ ಮೂಲೆಮನೆಯ ಟೀಚರ್ ಬಂದರು. ಅವರ ಕೈಯಲ್ಲಿ ಕಾಗದಕ್ಕೆ ಸುತ್ತಿದ ಬೆಲ್ಲದ ಅಚ್ಚು. ಅವರ ಹಿಂದೆಯೇ ಇನ್ನೊಬ್ಬರು ಬಿಸಿಬಿಸಿ ಬನ್ಸ್ ಹಿಡಿದು ಬಂದರು. ಬಾಳೆಹಣ್ಣು ಜಾಸ್ತಿ ಹಾಕಿದ್ದೇನೆ, ಪಾಪ ಮೆತ್ತಗೆ ಇರಲಿ ಎಂದು, ಎಂಬ ವಿವರಣೆ ಬೇರೆ. ಬಾದಾಮಿ ಕಿವಿ ನೆಟ್ಟಗೆ ಮಾಡಿಕೊಂಡು, ನೋವನ್ನೂ ಮರೆತು, ಕತ್ತು ಮುಂದೆ ಚಾಚಿತ್ತು. ಒಟ್ಟಿನಲ್ಲಿ ಇಡೀ ಓಣಿ ರೋಗಿಯನ್ನು ನೋಡಲು ಬರುತ್ತಿತ್ತು!

‘ಯಾರೂ ಎಂತದೂ ಕೊಡ್ಬೇಡಿ!’ ಮೈಮೂನಾ ಬಾದಾಮಿಗೆ ಅಡ್ಡ ನಿಂತರು. ‘ಸುಂದರಣ್ಣ! ಹುಲ್ಲು, ಹುರುಳಿ ಅಂತ ಆಣೆ ಹಾಕಿದ್ರಲ್ಲ, ಇದೆಲ್ಲ ಎಂತ?’

ಒಳಗಿನಿಂದ ಓಡಿಬಂದ ಸುಂದರಣ್ಣನ ಮುಖದಲ್ಲಿ ಸುಳ್ಳು ಸಿಕ್ಕಿಬಿದ್ದವನ ಕಳೆ ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ‘ಇದು ತಿನ್ನಿಸುವುದಾ ಡಾಕ್ಟ್ರೇ? ಇದು ಮಾತಾಡಿಸುವುದಲ್ವಾ?’

ಗುಣವತಿ ಅಕ್ಕ ಮೆಲ್ಲಗೆ ಉಳಿದದ್ದನ್ನೂ ಹೇಳಿದರು. ಹುಷಾರಿಲ್ಲದಾಗ ಮಾತ್ರವಲ್ಲ. ಸಂಜೆ ಓಣಿಯಲ್ಲಿ ಹೋಗುವಾಗ ಬಾದಾಮಿ ಪ್ರತಿ ಗೇಟಿನ ಮುಂದೆ ನಿಲ್ಲುತ್ತದೆ. ಮನೆಬಾಗಿಲಿಗೆ ಬಂದವಳನ್ನು ಹಾಗೇ ಕಳಿಸುವುದಕ್ಕುಂಟಾ? ಒಂದು ತುಂಡು ಬೆಲ್ಲ, ಒಂದು ಬಾಲ್ದಿ ನೀರು. ಬ್ಯಾರಿಗಳ ಮನೆಯಲ್ಲಿ ಖರ್ಜೂರ. ಮೇ ತಿಂಗಳಲ್ಲಿ ಗಲ್ಫಿನವರೆಲ್ಲ ರಜೆಗೆ ಬಂದಿದ್ದಾರೆ, ಮನೆ ಮನೆಯಲ್ಲಿ ಮದುವೆಯ ನೆಂಟರು, ಒಂದೊಂದು ಮಗುವಿಗೂ ತಾನೂ ಒಂದು ತುಂಡು ಕೊಡಬೇಕೆಂಬ ಆಸೆ.

ಮೈಮೂನಾಗೆ ರೇಗಬೇಕೋ ನಗಬೇಕೋ ತಿಳಿಯಲಿಲ್ಲ. ಬೈಯೋಣವೆಂದರೆ ಯಾರನ್ನು? ತಾವೇ ಈ ಅಂಗಳಕ್ಕೆ ಬಂದಾಗಲೆಲ್ಲ ಬೆಲ್ಲ ಕಚ್ಚಿ ನೀರು ಕುಡಿದಿದ್ದಾರೆ. ಈ ಊರಿನಲ್ಲೇ ಹುಟ್ಟಿ ಬೆಳೆದ ತಮಗೂ, ಬಂದವರಿಗೆ ಕೊಡುವ ಬೆಲ್ಲ ಕುದುರೆಗೂ ಹೋಗುತ್ತದಾ ಎಂದು ಕೇಳಲು ಹೊಳೆಯಲಿಲ್ಲವಲ್ಲ!

ಆದರೆ ಯೋಚಿಸುತ್ತ ನಿಲ್ಲುವಷ್ಟು ಸಮಯವಿರಲಿಲ್ಲ. ಬಗ್ಗಿ ಗೊರಸು ಮುಟ್ಟಿದರು. ನಿನ್ನೆಗಿಂತ ಬಿಸಿ. ನಾಡಿ ಬೆರಳಿಗೆ ಬಂದು ಬಡಿಯುತ್ತಿತ್ತು. ಹೊಸ ಉರಿ ಏಳುತ್ತಿದೆ. ಈ ಸಲದ ಏಟನ್ನು ಎಲುಬು ತಾಳುವುದಿಲ್ಲ. ಈ ಉರಿಯನ್ನು ಈಗಲೇ ತಣಿಸಬೇಕು, ಮಂಜುಗಡ್ಡೆಯಲ್ಲಿ, ಎರಡು ಮೂರು ದಿನ ಬಿಡದೆ. ರೇಸಿನ ಆಸ್ಪತ್ರೆಯಲ್ಲಿ ಅದಕ್ಕೆಂದೇ ಬೂಟುಗಳಿದ್ದವು, ಯಂತ್ರಗಳಿದ್ದವು. ಇಲ್ಲಿ ಏನಿದೆ?

ಮೈಮೂನಾ ಫೋನು ತೆಗೆದು ಅಣ್ಣನಿಗೆ ಮಾಡಿದರು. ‘ಕಾಕಾ, ಪುಡಿ ಮಾಡಿದ ಐಸು ಬೇಕು. ಟೆಂಪೋದಲ್ಲಿ ಹಾಕಿ ಕೂಳೂರಿಗೆ ಕಳ್ಸು. ಅಗಲದ ಮೀನಿನ ಟಬ್ಬು ಎರಡು. ಥರ್ಮಾಕೋಲ್ ಪೆಟ್ಟಿಗೆ ಎಷ್ಟುಂಟೋ ಅಷ್ಟು.’

ಆ ಕಡೆಯಿಂದ ಶಿಹಾಬ್‌ನ ದನಿ ಅಂಗಳಕ್ಕೆಲ್ಲ ಕೇಳಿಸಿತು. ‘ಎಷ್ಟು ಬಂಗುಡೆ ಸಿಕ್ಕಿತು ಮೈಮೂನಾ?’

‘ಬಂಗುಡೆ ಅಲ್ಲ, ಕುದುರೆ.’

‘ಯಾ ಅಲ್ಲಾ! ಕುದುರೆಯನ್ನು ಐಸಲ್ಲಿಟ್ಟು ಯಾವ ಮಾರ್ಕೆಟಿಗೆ ಕಳಿಸ್ತಿ?’

‘ಜೀವ ಇರುವ ಕುದುರೆ ಕಾಕಾ! ತಮಾಷೆ ಆಮೇಲೆ ಮಾಡು.’

ತಮಾಷೆ ಬಿಡಲಿಲ್ಲ, ಆದರೆ ಟೆಂಪೋ ಬಂತು. ಶಿಹಾಬ್ ತಾವೇ ಓಡಿಸಿಕೊಂಡು ಬಂದಿದ್ದರು. ಟಬ್ಬಿನ ತಳಕ್ಕೆ ದಪ್ಪ ರಬ್ಬರ್ ಹಾಸು ಹಾಕಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಒಂದೊಂದೇ ಕಾಲನ್ನು ಎತ್ತಿ ಇಡಿಸಿ, ಮೊಣಕಾಲಿನ ಹತ್ತಿರದವರೆಗೂ ಐಸು ತುಂಬಿದರು. ಬಾದಾಮಿ ಮೊದಲು ಬೆಚ್ಚಿತು. ಆಮೇಲೆ ದೀರ್ಘವಾಗಿ ಒಂದು ಉಸಿರು ಬಿಟ್ಟು ತಲೆ ತಗ್ಗಿಸಿತು. ನೋಡುತ್ತಿದ್ದವರೆಲ್ಲ ತಾವೂ ಉಸಿರು ಬಿಟ್ಟರು.

ಮಂಗಳೂರಿನ ಮೇ ಸೆಕೆಯಲ್ಲಿ ಐಸು ಎಷ್ಟು ಹೊತ್ತು ನಿಂತೀತು? ತುಂಬಿದಷ್ಟೂ ಕರಗುತ್ತದೆ. ಸುರಿಯುತ್ತಲೇ ಇರಬೇಕು, ನೀರು ಬಸಿಯುತ್ತಲೇ ಇರಬೇಕು. ಮೈಮೂನಾ ಓಣಿಯವರ ಕಡೆ ತಿರುಗಿದರು.

‘ನೋಡಿ, ಇವಳಿಗೆ ಕೊಡ್ಬಾರದ್ದು ಸಿಹಿ ಒಂದೇ. ಪ್ರೀತಿ ಕೊಡ್ಬಾರದು ಅಂತ ನಾನು ಹೇಳುವುದಿಲ್ಲ. ನೋಡ್ಲಿಕ್ಕೆ ಬರುವವರು ಬರಿಗೈಯಲ್ಲಿ ಬರ್ಬೇಡಿ. ಒಂದು ಬಾಲ್ದಿ ಹಿಡ್ಕೊಂಡು ಬನ್ನಿ. ಐಸು ತುಂಬಿಸಿ, ನೀರು ಬಸೀರಿ.’

ಮೊದಲು ಬಾಲ್ದಿ ತಂದವರು ಖತೀಜಮ್ಮ. ‘ಆ ಖರ್ಜೂರ ಎಂತ ಮಾಡ್ಲಿ?’ ಎಂದು ಕೇಳಿದರು.

‘ನನಗೆ ಕೊಡಿ,’ ಎಂದರು ಶಿಹಾಬ್. ‘ನನ್ನ ಕಾಲಿಗೆ ಎಂತ ಆಗುವುದಿಲ್ಲ.’

ಆ ದಿನಗಳ ಕತೆಯನ್ನು ಓಣಿಯವರು ಈಗಲೂ ಮದುವೆ ಮನೆಯ ಸುದ್ದಿಯಂತೆ ಹೇಳುತ್ತಾರೆ. ಹಗಲು ರಾತ್ರಿ ಪಾಳಿ ಬಿದ್ದಿತು. ಹೋಟೆಲಿನ ಹುಡುಗರು ಬಂದರು, ಟೀಚರ್ ಬಂದರು, ರಜೆಗೆ ಬಂದ ಗಲ್ಫಿನವರು ಅತ್ತರು ಪೂಸಿಕೊಂಡೇ ಐಸು ಹೊತ್ತರು. ಟೆಂಪೋ ಧಕ್ಕೆಗೂ ಕೂಳೂರಿಗೂ ಓಡಾಡಿತು. ಬಂಗುಡೆ ಟಬ್ಬಿನ ವಾಸನೆಗೆ ಓಣಿಯ ಬೆಕ್ಕುಗಳೂ ಬಂದು ಸಾಲಾಗಿ ಕೂತವು. ಹಸಿದ ಬಾದಾಮಿಗೆ ಒಣಹುಲ್ಲು, ಅದನ್ನೂ ನೀರಲ್ಲಿ ನೆನೆಸಿ ಸಿಹಿಯ ಅಂಶ ಹೋಗುವಂತೆ ತೊಳೆದು ಕೊಟ್ಟರು. ಗುಣವತಿ ಅಕ್ಕ ಗೇಟಿನಲ್ಲೇ ನಿಂತು ಬಂದವರ ಕೈ, ಸೆರಗು, ಜೇಬು ನೋಡಿಯೇ ಒಳಗೆ ಬಿಡುತ್ತಿದ್ದರು.

ಮೂರನೆಯ ದಿನ ಮೈಮೂನಾ ಗೊರಸಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತರು. ನಾಡಿ ಹುಡುಕಬೇಕಾಯಿತು. ಅಷ್ಟು ಮೆತ್ತಗಾಗಿತ್ತು. ಥರ್ಮಾಕೋಲ್ ಪೆಟ್ಟಿಗೆಗಳನ್ನು ಕತ್ತರಿಸಿ, ಗೊರಸಿನ ಅಳತೆಗೆ ದಪ್ಪ ಹಲಗೆ ಮಾಡಿ, ಕಾಲಿನಡಿಗೆ ಇಟ್ಟು ಪಟ್ಟಿ ಸುತ್ತಿದರು. ಕುದುರೆಯ ಭಾರಕ್ಕೆ ಥರ್ಮಾಕೋಲ್ ಅಮುಕಿ ಅಂಗಾಲಿನ ಆಕಾರಕ್ಕೇ ಕೂತುಕೊಳ್ಳುತ್ತದೆ, ಕೆಳಗಿನಿಂದ ಕೈಕೊಟ್ಟು ಹಿಡಿದಂತೆ. ಮತ್ತೆ ಎಕ್ಸ್‌ರೇ ತೆಗೆದರು. ಮೊದಲಿನ ಚಿತ್ರದ ಪಕ್ಕ ಇಟ್ಟು ನೋಡಿದರು. ಸುಂದರಣ್ಣ ಚಿತ್ರ ನೋಡಲಿಲ್ಲ, ಡಾಕ್ಟ್ರ ಮುಖವನ್ನೇ ನೋಡುತ್ತಿದ್ದರು.

‘ಎಲುಬು ಇದ್ದಲ್ಲೇ ಉಂಟು,’ ಎಂದರು ಮೈಮೂನಾ. ‘ಕುಸೀಲಿಲ್ಲ.’

ಸುಂದರಣ್ಣ ತುಳುವಿನಲ್ಲಿ ‘ಆವು’, ಆಗಲಿ, ಎಂದಷ್ಟೇ ಹೇಳಿ ಹಿತ್ತಲಿನ ಕಡೆ ನಡೆದರು. ಸ್ವಲ್ಪ ಹೊತ್ತು ಬರಲಿಲ್ಲ.

ಆದರೆ ಬದುಕಿದ್ದು ಬೇರೆ, ನಡೆಯುವುದು ಬೇರೆ. ಹೊಸ ಗೊರಸು ಮೇಲಿನಿಂದ ಬೆಳೆದು ಬರಬೇಕು, ಅದಕ್ಕೆ ತಿಂಗಳುಗಳು ಬೇಕು. ಮಳೆಗಾಲ ಪೂರ್ತಿ ಬಾದಾಮಿ ಒಣ ಮರಳಿನ ಕೊಟ್ಟಿಗೆಯಲ್ಲಿ. ಸುರಿಯುವ ಮಳೆಯಲ್ಲೂ ಮೈಮೂನಾ ಡಾಕ್ಟ್ರ ಸ್ಕೂಟರು ವಾರ ವಾರ ಕೂಳೂರು ಸೇತುವೆಯ ಕಡೆ ಬಂತು. ಗೊರಸಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ಅರದಲ್ಲಿ ಉಜ್ಜಿ ಹಿಂದಕ್ಕೆ ತಂದರು. ಮುಖೇಶ್ ಕೂಡ ಒಮ್ಮೆ ಬಂದು, ಕಾಲು ಹಿಡಿದು ಕೊಟ್ಟು, ‘ನಾನು ಭುಜ ಅಂದಿದ್ದೆ’ ಎಂದು ತಲೆ ಕೆರೆದುಕೊಂಡ. ‘ಭುಜವೂ ನೋಯ್ತಿತ್ತು,’ ಎಂದರು ಮೈಮೂನಾ, ‘ಸುಂದರಣ್ಣಂದು.’

ಮಳೆ ಬಿಟ್ಟ ಮೇಲೆ ಲಾಳ ಹೊಡೆಯುವ ಇಮ್ತಿಯಾಝ್ ಮೈಸೂರಿನಿಂದ ಬಂದ. ಅಂಗಾಲಿಗೆ ನಡುವಿನಿಂದ ಆಧಾರ ಕೊಡುವ ವಿಶೇಷ ಲಾಳವನ್ನು ಮೈಮೂನಾ ಎಕ್ಸ್‌ರೇ ಇಟ್ಟುಕೊಂಡು ಗೆರೆ ಎಳೆದು ಹೇಳಿದರು, ಅವನು ಬಡಿದು ಮಾಡಿದ. ಈಗ ಹಾಕಬೇಕು. ಹಾಕಬೇಕೆಂದರೆ ಒಂದು ಮುಂಗಾಲನ್ನು ಪೂರ್ತಿ ಮೇಲೆತ್ತಿ ಹಿಡಿಯಬೇಕು, ಅಷ್ಟು ಹೊತ್ತೂ ಮುಂದಿನ ಭಾರವನ್ನೆಲ್ಲ ಇನ್ನೊಂದು ಕಾಲೇ ಹೊರಬೇಕು. ಒಳಗಿನ ಹಿಡಿತ ಗಟ್ಟಿಯಾಗಿಲ್ಲದಿದ್ದರೆ ಕುದುರೆ ನಿಲ್ಲುವುದಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ.

ಅಂಗಳದ ಸುತ್ತ ಓಣಿಯೇ ನೆರೆದಿತ್ತು. ಇಮ್ತಿಯಾಝ್ ಎಡಗಾಲನ್ನು ಎತ್ತಿ ತನ್ನ ತೊಡೆಗಳ ನಡುವೆ ಹಿಡಿದ. ಬಾದಾಮಿ ಒಂದು ಕ್ಷಣ ತೂಗಿತು. ಬಲಗಾಲಿನ ಮೇಲೆ ಭಾರ ಹಾಕಿತು. ನಿಂತಿತು. ಮೊದಲ ಮೊಳೆಗೆ ಸುತ್ತಿಗೆಯ ಏಟು ಬಿದ್ದಾಗ ಗುಣವತಿ ಅಕ್ಕ ಕಣ್ಣು ಮುಚ್ಚಿದರು. ಬಾದಾಮಿ ಮಾತ್ರ ಬಾಲ ಬೀಸಿ ನೊಣ ಓಡಿಸಿತು, ಅಷ್ಟೇ. ಆಮೇಲೆ ಬಲಗಾಲು. ಅದಕ್ಕೂ ನಿಂತಿತು.

‘ಕಾಂಕ್ರೀಟ್ ಮೇಲೆ ನಡೆಸಿ ಸುಂದರಣ್ಣ,’ ಮೈಮೂನಾ ಹೇಳಿದರು. ಹೋಗುವಾಗ ನೋಡಿದರು, ಬರುವಾಗ ನೋಡಿದರು. ‘ಈಗ ಸಣ್ಣ ಜಾಗದಲ್ಲಿ ತಿರುಗಿಸಿ. ಬಲಕ್ಕೆ. ಹ್ಞಾಂ, ಎಡಕ್ಕೆ.’ ಈ ರೋಗದ ಕುದುರೆಗೆ ತಿರುಗುವಾಗಲೇ ಹೆಚ್ಚು ನೋವು. ಬಾದಾಮಿ ತಿರುಗಿತು, ಹುಡುಗಿ ಲಂಗ ಬೀಸಿದ ಹಾಗೆ.

‘ಆಯ್ತು,’ ಎಂದರು ಮೈಮೂನಾ.

ಶಿಹಾಬ್ ಪಕ್ಕದಲ್ಲಿದ್ದ ಇಮ್ತಿಯಾಝ್‌ಗೆ ಮೊಣಕೈಯಲ್ಲಿ ತಿವಿದರು. ‘ಗೊತ್ತುಂಟಾ, ನನ್ನ ತಂಗಿ. ನಾವು ಇವಳನ್ನು ಮನುಷ್ಯರ ಡಾಕ್ಟರ್ ಮಾಡುವ ಅಂತ ಇದ್ದೆವು. ಮಾಡಿದ್ರೆ ಈ ಇಡೀ ಓಣಿ ಒಟ್ಟಿಗೆ ನಿಂತದ್ದನ್ನು ನೋಡ್ಲಿಕ್ಕೆ ಸಿಗ್ತಿತ್ತಾ?’

ಸುಂದರಣ್ಣ ಹಗ್ಗ ಹಿಡಿದೇ ಕೇಳಿದರು, ‘ಡಾಕ್ಟ್ರೇ, ಇನ್ನು ಮದುವೆಗೆ...?’

‘ಮದುಮಗನನ್ನು ಹೊರುವುದು ಬೇಡ. ನಡೆದುಕೊಂಡು ಬರ್ಲಿ ಅವರು, ಒಳ್ಳೆಯದೇ.’

‘ನನಗೆ ಅಷ್ಟೇ ಬೇಕಾದದ್ದು!’ ಸುಂದರಣ್ಣನ ಹಳೆಯ ದನಿ ವಾಪಸು ಬಂದಿತ್ತು, ಹೋಟೆಲಿನ ಅಡುಗೆಮನೆಯವರೆಗೆ ಕೇಳಿಸುವಂಥದ್ದು. ‘ಹೊಳೆಯವರೆಗೆ ಹೋಗಿ ಬರ್ಲಾ?’

ಅವರು ಕೇಳಿ ಮುಗಿಸುವ ಮೊದಲೇ ಬಾದಾಮಿ ಹೊರಟಾಗಿತ್ತು. ತಿಂಗಳುಗಟ್ಟಲೆ ನಾಲ್ಕು ಗೋಡೆ ನೋಡಿದ ಕುದುರೆ, ಗೇಟು ತೆರೆದದ್ದೇ ಸಾಕು, ಕುತ್ತಿಗೆ ಚಾಚಿ ಓಣಿಗೆ ಇಳಿಯಿತು. ಹಗ್ಗ ಬಿಗಿಯಾಯಿತು, ಸುಂದರಣ್ಣ ಲುಂಗಿ ಎತ್ತಿ ಕಟ್ಟಿಕೊಳ್ಳುತ್ತ ಹಿಂದೆ.

‘ಓಡಿಸ್ಬೇಡಿ ಸುಂದರಣ್ಣ! ಮೆಲ್ಲ!’ ಮೈಮೂನಾ ಕೂಗಿದರು.

‘ನಾನೆಲ್ಲಿ ಓಡಿಸ್ತಾ ಇದ್ದೇನೆ ಡಾಕ್ಟ್ರೇ,’ ತಿರುವಿನ ಆಚೆಯಿಂದ ಏದುಸಿರಿನ ಉತ್ತರ ಬಂತು, ‘ಅವಳೇ ನನ್ನನ್ನು ಓಡಿಸ್ತಾ ಇದ್ದಾಳೆ!’